ಗುರುವಾರದೊಳಗೆ ಎಡಗಡೆಯ ಇಂಡಿಕೇಟರ್

ಬೆಳಿಗ್ಗೆ ಆರೂವರೆಗೆ ನಾನು ಕಾರಿನ ರೌಂಡ್ಸ್ ಮಾಡುತ್ತೇನೆ. ಮೂವತ್ತು ವರ್ಷ ಸೇನೆಯ ಆಸ್ಪತ್ರೆಗಳಲ್ಲಿ ದುಡಿದು ಮೇಟ್ರನ್ ಆಗಿ ನಿವೃತ್ತಳಾದವಳಿಗೆ ಬೆಳಗಾದರೆ ಯಾರನ್ನಾದರೂ ಪರೀಕ್ಷಿಸಲೇಬೇಕು. ಹುದಿಕೇರಿಯ ಹತ್ತಿರದ ನಮ್ಮ ತೋಟದಲ್ಲಿ ಸಾಲಾಗಿ ಮಂಚದ ಮೇಲೆ ಮಲಗಿ ನನಗಾಗಿ ಕಾಯುವವರು ಯಾರೂ ಇಲ್ಲ. ಇರುವುದು ಇಪ್ಪತ್ತು ವರ್ಷ ಹಳೆಯ ಒಂದು ಬಿಳಿ ಕಾರು. ಅದು ಎದುರು ಮಾತಾಡುವುದಿಲ್ಲ. ಹಾಗಾಗಿ ನಮ್ಮಿಬ್ಬರ ಸಂಸಾರ ಇಷ್ಟು ವರ್ಷ ಚೆನ್ನಾಗಿಯೇ ನಡೆದಿದೆ.

ರೌಂಡ್ಸಿಗೆ ಒಂದು ಕ್ರಮವಿದೆ. ಮೊದಲು ಎಂಜಿನ್ ಆಯಿಲ್, ಆಮೇಲೆ ರೇಡಿಯೇಟರಿನ ನೀರು, ಟೈರು, ಕೊನೆಗೆ ದೀಪಗಳು. ಒಬ್ಬಳೇ ಇರುವವಳು ಹಿಂದಿನ ದೀಪ ನೋಡುವುದು ಹೇಗೆ ಎಂದು ಕೆಲವರು ಕೇಳುತ್ತಾರೆ. ಷೆಡ್ಡಿನ ಹಿಂಗೋಡೆಗೆ ನನ್ನ ತಾಯಿಯ ಹಳೆಯ ನಿಲುವುಗನ್ನಡಿಯನ್ನು ಅಡ್ಡಲಾಗಿ ಹೊಡೆಸಿದ್ದೇನೆ. ಕಾರನ್ನು ರಿವರ್ಸ್ ಹಾಕಿ ನಿಲ್ಲಿಸುವುದರಿಂದ, ಸೀಟಿನಲ್ಲಿ ಕೂತು ಬ್ರೇಕ್ ಒತ್ತಿದರೆ ಹಿಂದಿನ ಕೆಂಪು ದೀಪ ಆ ಕನ್ನಡಿಯಲ್ಲಿ ಕಾಣುತ್ತದೆ. ನೋಡಿದವರು ನಗುತ್ತಾರೆ. ತಮ್ಮ ಬ್ರೇಕ್ ದೀಪ ಉರಿಯುತ್ತದೋ ಇಲ್ಲವೋ ತಿಳಿಯದೆ ವರ್ಷಗಟ್ಟಲೆ ಓಡಾಡುವವರು ಸ್ವಲ್ಪ ಹೆಚ್ಚು ಜೋರಾಗಿ ನಗುತ್ತಾರೆ. ಕಂಡದ್ದನ್ನು ನಾನು ಷೆಡ್ಡಿನ ಮೊಳೆಗೆ ನೇತುಹಾಕಿದ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ.

ಆ ಸೋಮವಾರ ಎಡಗಡೆಯ ಇಂಡಿಕೇಟರ್ ಹಾಕಿದಾಗ ಮೀಟರಿನ ಹಸಿರು ಬಾಣ, ಸೂಜಿ ಕಂಡ ಸಿಪಾಯಿಯ ನಾಡಿಯ ಹಾಗೆ ಓಡತೊಡಗಿತು. ಕನ್ನಡಿಯಲ್ಲಿ ನೋಡಿದೆ. ಹಿಂದಿನ ಎಡಗಡೆಯ ಹಳದಿ ದೀಪ ಇದೆಯೋ ಇಲ್ಲವೋ ಎನ್ನುವಷ್ಟು ಮಂಕಾಗಿ ಮಿನುಗುತ್ತಿತ್ತು. ಅದರ ಪಕ್ಕದ ಕೆಂಪು ದೀಪಕ್ಕೆ ಈ ವ್ಯವಹಾರದಲ್ಲಿ ಯಾವ ಪಾತ್ರವೂ ಇಲ್ಲ. ಆದರೂ ಅದು ಕೂಡ ಜೊತೆಗೆ ಮಿನುಗುತ್ತಿತ್ತು. ಬಲಗಡೆಯದ್ದು ಮಾತ್ರ ಡ್ಯೂಟಿಯ ಮೇಲಿದ್ದವರಂತೆ ಸರಿಯಾಗಿ ಹತ್ತಿ ಆರುತ್ತಿತ್ತು.

ಬೇರೆ ಯಾವ ಸೋಮವಾರ ಆಗಿದ್ದರೂ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಗುರುವಾರ ಹನ್ನೊಂದು ಗಂಟೆಗೆ ಮಡಿಕೇರಿಯ ಆರ್‌ಟಿಓದಲ್ಲಿ ಕಾರಿನ ತಪಾಸಣೆ ಇತ್ತು. ಹಳೆಯ ಕಾರುಗಳು ಐದು ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರರ ಮುಂದೆ ನಿಂತು ತಾವಿನ್ನೂ ಬದುಕಿದ್ದೇವೆ ಎಂದು ತೋರಿಸಬೇಕು. ನನ್ನ ಪೆನ್ಷನ್ನಿಗೂ ಅದೇ ಕ್ರಮ, ಅದು ವರ್ಷಕ್ಕೊಮ್ಮೆ. ಅಲ್ಲಿ ಪಾಸಾಗುವುದು ಬಿಡುವುದು ಸರ್ಕಾರಕ್ಕೂ ಕಾರಿಗೂ ಸಂಬಂಧಪಟ್ಟ ವಿಷಯವಾಗಿದ್ದರೆ ಸಾಕಿತ್ತು. ಅದರ ನಡುವೆ ನನ್ನ ತಮ್ಮ ಬಂದಿದ್ದ.

ತಮ್ಮನದು ಪಕ್ಕದ ತೋಟ. ಅವನಿಗೆ ಅರವತ್ತೆಂಟು, ನನಗೆ ಎಪ್ಪತ್ಮೂರು. ಎಪ್ಪತ್ತು ದಾಟಿದ ಹೆಂಗಸರು ಕಾರು ಓಡಿಸಬಾರದು ಎಂಬುದು ಅವನ ಅಭಿಪ್ರಾಯ. ಎಪ್ಪತ್ತು ದಾಟಿದ ಗಂಡಸರ ವಿಷಯದಲ್ಲಿ ಅಭಿಪ್ರಾಯ ತಿಳಿಸಲು ಅವನಿಗೆ ಇನ್ನೂ ಎರಡು ವರ್ಷ ಸಮಯವಿದೆ. "ನೀನೇಕೆ ಕಷ್ಟಪಡ್ತೀಯಕ್ಕ? ಎಲ್ಲಿಗೆ ಬೇಕೋ ಹೇಳು, ನಾನು ಡ್ರಾಪ್ ಮಾಡ್ತೀನಿ" ಎನ್ನುತ್ತಾನೆ. ನಾವು ಮಾತಾಡುವುದು ಕೊಡವ ತಕ್ಕಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಖಾರ ಸ್ವಲ್ಪ ಕಡಿಮೆಯಾಗುತ್ತದೆ.

ಅವನ ಡ್ರಾಪ್ ಎಂದರೇನು ಎಂಬುದು ನನಗೆ ಗೊತ್ತು. ಎಂಟಕ್ಕೆ ಬರುತ್ತೇನೆ ಎಂದವನು ಒಂಬತ್ತೂಮುಕ್ಕಾಲಿಗೆ ಬರುತ್ತಾನೆ. ಜೀಪ್ ಹತ್ತಿಸಿಕೊಂಡ ಮೇಲೆ ದಾರಿಯಲ್ಲಿ ಕಂಡವರನ್ನೆಲ್ಲ ನಿಲ್ಲಿಸಿ ಅವರ ತೋಟದ ಮಳೆ ಎಷ್ಟು ಇಂಚು ಎಂದು ಕೇಳುತ್ತಾನೆ. ಒಂದು ಸಲ ಹಲ್ಲುನೋವೆಂದು ಅವನ ಜೀಪ್ ಹತ್ತಿದ್ದೆ. ನಾವು ತಲುಪುವ ಹೊತ್ತಿಗೆ ಹಲ್ಲಿನ ಡಾಕ್ಟರು ಊಟಕ್ಕೆ ಹೋಗಿ, ಬಂದು, ಮತ್ತೆ ಮನೆಗೆ ಹೊರಟಿದ್ದರು. ಕಾರು ಹೋದರೆ ನನ್ನ ಉಳಿದ ಆಯುಷ್ಯವೆಲ್ಲ ಇವನ ಒಂಬತ್ತೂಮುಕ್ಕಾಲಿನ ಕೆಳಗೆ ಬರುತ್ತದೆ.

ಹಿಂದಿನ ತಿಂಗಳು ಅವನ ಮನೆಯ ಊಟದ ಮೇಜಿನಲ್ಲಿ, ಅವನ ಹೆಂಡತಿಯ ಸಾಕ್ಷಿಯಲ್ಲಿ ಒಂದು ಒಪ್ಪಂದವಾಗಿತ್ತು. ತಪಾಸಣೆಯಲ್ಲಿ ಕಾರು ಪಾಸಾದರೆ ಅವನು ಐದು ವರ್ಷ ಬಾಯಿ ಮುಚ್ಚಿಕೊಂಡಿರಬೇಕು. ಫೇಲಾದರೆ ನಾನು ಕಾರನ್ನು ಮಾರಿ ಅವನ ಜೀಪ್ ಹತ್ತಬೇಕು. "ಒಂದೇ ಸಲ. ಮರುಪರೀಕ್ಷೆ ಇಲ್ಲ" ಎಂದು ಸೇರಿಸಿದ್ದು ನಾನೇ. ಆ ದಿನ ಪಂದಿ ಕರಿ ಬಹಳ ಚೆನ್ನಾಗಿತ್ತು. ಹೊಟ್ಟೆ ತುಂಬಿದಾಗ ನನಗೆ ಆತ್ಮವಿಶ್ವಾಸ ಜಾಸ್ತಿ.

ಇನ್ನೊಂದು ವಿಷಯವನ್ನೂ ದಾಖಲೆಗಾಗಿ ಬರೆದಿಡುತ್ತೇನೆ. ನನ್ನ ತಮ್ಮ ಜೀವಮಾನದಲ್ಲಿ ಇಂಡಿಕೇಟರ್ ಹಾಕಿದವನಲ್ಲ. ಬಲಕ್ಕೆ ತಿರುಗುವಾಗ ಕಿಟಕಿಯಿಂದ ಕೈ ಹೊರಗೆ ಹಾಕಿ, ನೊಣ ಓಡಿಸಿದಂತೆ ಮಣಿಕಟ್ಟನ್ನು ಒಮ್ಮೆ ಕೊಡವುತ್ತಾನೆ. ಎಡಕ್ಕೆ ತಿರುಗುವಾಗ ಅದೂ ಇಲ್ಲ. ಹಿಂದೆ ಬರುವವರಿಗೆ ಅವನ ಮನೆ ಎಲ್ಲಿದೆ ಎಂದು ಗೊತ್ತಿರಬೇಕು.

ಸೋಮವಾರವೇ ಚಿಕಿತ್ಸೆ ಆರಂಭಿಸಿದೆ. ದೀಪದ ಮೇಲಿನ ಗಾಜು ಬಿಚ್ಚಿ ಬಲ್ಬ್ ತೆಗೆದು ಬೆಳಕಿಗೆ ಹಿಡಿದು ನೋಡಿದೆ. ಒಳಗಿನ ತಂತಿ ತುಂಡಾಗಿರಲಿಲ್ಲ. ಆದರೂ ಡಬ್ಬಿಯಲ್ಲಿದ್ದ ಹೊಸ ಬಲ್ಬ್ ಹಾಕಿದೆ. ಹೊಸದೂ ಹಳೆಯದರಷ್ಟೇ ಸೋಮಾರಿ. ದೀಪದ ಬದಿಗೆ ಬೆರಳ ಗೆಣ್ಣಿನಿಂದ ಎರಡು ತಟ್ಟಿದೆ. ತಕ್ಷಣ ಪ್ರಕಾಶಮಾನವಾಗಿ ಉರಿಯಿತು. ನಾನು ನೋಟ್‌ಬುಕ್ಕಿನಲ್ಲಿ 'ಗುಣಮುಖ' ಎಂದು ಬರೆದು ಪೆನ್ನಿಗೆ ಕ್ಯಾಪ್ ಹಾಕುವಷ್ಟರಲ್ಲಿ ಮತ್ತೆ ಮಂಕಾಯಿತು. ನನ್ನ ವಾರ್ಡಿನಲ್ಲೂ ಇಂಥವರು ಇದ್ದರು. ಡಾಕ್ಟರು ಬಂದಾಗ ಎದ್ದು ಕೂತು ನಗುವುದು, ಅವರು ಬಾಗಿಲು ದಾಟಿದ ಕೂಡಲೇ ನರಳುವುದು.

ತೋಟದ ಲೆಕ್ಕ ಬರೆಯುವ ಎಸ್ಟೇಟ್ ರೈಟರ್ ಬೆಳಗಿನ ಹಾಜರಿ ಪುಸ್ತಕ ತೋರಿಸಲು ಬಂದವರು ಡಿಕ್ಕಿಯೊಳಗೆ ಇಣುಕಿ, "ಇಲಿ ಮೇಡಂ" ಎಂದರು.

"ಇಲಿ ಕಡಿದ ಗುರುತು ಎಲ್ಲಿದೆ?"

"ಗುರುತು ಬಿಡೋದಿಲ್ಲ ಮೇಡಂ. ಈಗಿನ ಇಲಿಗಳು ಬಹಳ ಹುಷಾರು."

ಇವರು ನಮ್ಮಲ್ಲಿ ಹದಿನಾಲ್ಕು ವರ್ಷದಿಂದ ಇದ್ದಾರೆ. ಸ್ಟೋರಿನಲ್ಲಿ ಗೊಬ್ಬರದ ಚೀಲ ಹರಿದರೆ ಇಲಿ. ಪಂಪ್‌ಸೆಟ್ ನಿಂತರೆ ಇಲಿ. ಕಾಫಿ ಪಿಕ್ಕಿಂಗಿಗೆ ಜನ ಕಡಿಮೆ ಬಂದ ಒಂದು ದಿನ ಮಾತ್ರ ಇಲಿಯ ಹೆಸರು ಹೇಳಲಿಲ್ಲ. ಆ ದಿನ ಅವರಿಗೆ ಜ್ವರವಿತ್ತು.

ಸಂಜೆ ತಮ್ಮ ಫೋನ್ ಮಾಡಿದ. ನಾನು ಯಾರಿಗೂ ಹೇಳಿರಲಿಲ್ಲ, ಆದರೆ ರೈಟರಿಗೆ ತಿಳಿದದ್ದು ಅವನಿಗೆ ತಿಳಿಯಲು ಅರ್ಧ ಗಂಟೆ ಸಾಕು. "ಬ್ಯಾಟರಿ ಹೋಗಿದೆ ಅಕ್ಕ" ಎಂದ.

"ಬ್ಯಾಟರಿ ಹೋಗಿದ್ದರೆ ಎಡಗಡೆಗೆ ಮಾತ್ರ ಹೋಗುತ್ತದಾ?"

"ವಯಸ್ಸಾದ ಮೇಲೆ ಮನುಷ್ಯರಿಗೂ ಒಂದೇ ಕಡೆ ತಾನೇ ಹೋಗೋದು" ಎಂದು ನಕ್ಕು, "ಗುರುವಾರ ನಾನೂ ಜೀಪಲ್ಲಿ ಹಿಂದಿನಿಂದ ಬರ್ತೀನಿ. ವಾಪಸ್ ಬರೋಕೆ ನಿನಗೆ ಗಾಡಿ ಬೇಕಲ್ಲ" ಎಂದು ಸೇರಿಸಿದ. ಅವನಿಗೆ ಅಷ್ಟು ದೂರದ ಯೋಚನೆ ಇದೆ ಎಂದು ನನಗೆ ಆವರೆಗೆ ತಿಳಿದಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಗೋಣಿಕೊಪ್ಪಕ್ಕೆ ಹೊರಟೆ. ಇಂಡಿಕೇಟರ್ ಇಲ್ಲದ ಕಾರಿನಲ್ಲಿ ಎಡಕ್ಕೆ ತಿರುಗಲು ಪುಸ್ತಕದಲ್ಲಿ ಒಂದು ಕೈಸನ್ನೆ ಇದೆ. ಬಲಗೈಯನ್ನು ಕಿಟಕಿಯಿಂದ ಹೊರಗೆ ಚಾಚಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತಿಸಬೇಕು. ನಾನು ಲೈಸೆನ್ಸ್ ತೆಗೆದುಕೊಂಡ ಕಾಲದಲ್ಲಿ ಅದನ್ನು ಮಾಡಿ ತೋರಿಸದಿದ್ದರೆ ಪಾಸ್ ಮಾಡುತ್ತಿರಲಿಲ್ಲ. ಈಗ ಆ ಭಾಷೆ ಬಲ್ಲವಳು ಜಿಲ್ಲೆಯಲ್ಲಿ ನಾನೊಬ್ಬಳೇ ಉಳಿದಿರಬೇಕು. ಪೊನ್ನಂಪೇಟೆಯಲ್ಲಿ ಕೈ ಸುತ್ತಿಸಿದಾಗ ಹಿಂದಿದ್ದ ಪಿಕಪ್‌ನವನು ಮುಂದೆ ಹೋಗಲು ಹೇಳಿದರು ಎಂದುಕೊಂಡು ಓವರ್‌ಟೇಕ್ ಮಾಡಿದ. ಬಸ್ಸಿಗೆ ನಿಂತಿದ್ದ ಹೆಂಗಸೊಬ್ಬಳು ನಗುತ್ತಾ ಕೈ ಬೀಸಿದಳು. ಗುರುತಿನವರು ಇರಬಹುದೆಂದು ನಾನೂ ಬೀಸಿದೆ. ಇಂಡಿಕೇಟರ್ ಕೆಟ್ಟದ್ದರಿಂದ ನನ್ನ ಸಾಮಾಜಿಕ ಜೀವನ ಸುಧಾರಿಸಿತು.

ಗೋಣಿಕೊಪ್ಪದ ಆಟೊ ಎಲೆಕ್ಟ್ರಿಷಿಯನ್‌ಗೆ ಐವತ್ತು ದಾಟಿದೆ. ಮನೆಮಾತು ಮಲಯಾಳ, ಅಂಗಡಿಯಲ್ಲಿ ಐದು ಭಾಷೆ. ಕೆಲಸದಲ್ಲಿ ಕೈ ಒಳ್ಳೆಯದೆಂದು ಎಲ್ಲರೂ ಹೇಳುತ್ತಾರೆ. ಕೆಲಸ ಶುರುವಾಗುವ ಗಂಟೆಯ ವಿಷಯ ಯಾರೂ ಹೇಳುವುದಿಲ್ಲ. ಬೋರ್ಡಿನಲ್ಲಿ ಒಂಬತ್ತು ಎಂದು ಬರೆದಿತ್ತು, ನಾನು ಒಂಬತ್ತಕ್ಕೆ ಹೋದೆ. ಶಟರ್ ತೆರೆದದ್ದು ಹತ್ತೂಕಾಲಿಗೆ.

"ಆಂಟಿ, ಬೇಗ ಬಂದ್ಬಿಟ್ರಾ?" ಎಂದ. ಆ ತಲೆಯ ಅರ್ಧ ಕೂದಲು ಬೆಳ್ಳಗಾಗಿತ್ತು, ಆದರೂ ನಾನು ಆಂಟಿ.

"ನಾನು ಬೇಗ ಬಂದಿಲ್ಲ. ನಿನ್ನ ಬೋರ್ಡ್ ಬೇಗ ಬಂದಿದೆ."

ಅವನಿಗೆ ಬೇಜಾರಾಗಲಿಲ್ಲ. ಸ್ಟೀರಿಂಗಿನ ಕೆಳಗೆ ತಲೆ ತೂರಿಸಿ, ಟಕಟಕ ಶಬ್ದವನ್ನು ಸ್ವಲ್ಪ ಹೊತ್ತು ಕೇಳಿ, "ಫ್ಲ್ಯಾಷರ್" ಎಂದ. ಇಂಡಿಕೇಟರನ್ನು ಹತ್ತಿಸಿ ಆರಿಸುವ ಬೆಂಕಿಪೊಟ್ಟಣದಷ್ಟು ದೊಡ್ಡ ಪೆಟ್ಟಿಗೆ ಅದು. ಹೊಸದನ್ನು ಹಾಕಿದ. ಹಸಿರು ಬಾಣ ಮೊದಲಿನಂತೆಯೇ ಓಡಿತು.

"ಹಳೇದನ್ನೇ ವಾಪಸ್ ಹಾಕು" ಎಂದೆ.

"ಹೊಸದು ಇರ್ಲಿ ಆಂಟಿ."

"ಹೊಟ್ಟೆನೋವೆಂದು ಬಂದವನ ಟಾನ್ಸಿಲ್ ತೆಗೆದು, ತೆಗೆದದ್ದಾಯಿತು ಇರಲಿ ಬಿಡಿ ಎನ್ನುವ ಹಾಗಿದೆ. ವಾಪಸ್ ಹಾಕು."

ಹಾಕಿದ. ಆಮೇಲೆ ಬೀಡಿ ಹಚ್ಚಿಕೊಂಡು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದು, "ಹಳೇ ಗಾಡಿ. ವೈರಿಂಗ್ ಫುಲ್ ಬದಲಾಯಿಸ್ಬೇಕು. ಬಿಟ್ಟು ಹೋಗಿ, ನಾಲ್ಕು ದಿನ" ಎಂದ.

ಮಂಗಳವಾರದಿಂದ ನಾಲ್ಕು ದಿನವೆಂದರೆ ಗುರುವಾರ ಅದರ ಮಧ್ಯದಲ್ಲಿ ಬರುತ್ತದೆ. ಅಲ್ಲದೆ ಉಗುರುಸುತ್ತಾದವನ ಕಾಲು ಕತ್ತರಿಸಲು ನಾನು ಎಂದೂ ಸಹಿ ಹಾಕಿದವಳಲ್ಲ. ನಾಳೆ ಬರುತ್ತೇನೆ ಎಂದು ಹೇಳಿ ಕಾರನ್ನು ಮನೆಗೆ ತಂದೆ. ದಾರಿಯಲ್ಲಿ ಎಡಕ್ಕೆ ತಿರುಗುವ ಕಡೆಯೆಲ್ಲ ಕೈ ಸುತ್ತಿಸಿದೆ. ಯಾರೂ ಕೈ ಬೀಸಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಷೆಡ್ಡಿಗೆ ಹೋಗಿ ಕನ್ನಡಿಯ ಮುಂದೆ ಕಾರು ನಿಲ್ಲಿಸಿ ಮೊದಲಿನಿಂದ ಶುರು ಮಾಡಿದೆ. ಮೂವತ್ತು ವರ್ಷದಲ್ಲಿ ನಾನು ಕಲಿತದ್ದು ಒಂದೇ: ರೋಗ ತಿಳಿಯದಾಗ ಚಾರ್ಟ್ ಬರೆಯಬೇಕು. ಒಂದು ಹಾಳೆಗೆ ಗೆರೆ ಎಳೆದೆ. ಎಡ ಇಂಡಿಕೇಟರ್ ಮಾತ್ರ ಹಾಕಿದಾಗ ಪಕ್ಕದ ಕೆಂಪು ದೀಪವೂ ಮಿನುಗುತ್ತದೆ. ಬ್ರೇಕ್ ಮಾತ್ರ ಒತ್ತಿದರೆ ಎಡಗಡೆಯ ಬ್ರೇಕ್ ದೀಪ ಬಲಗಡೆಯದಕ್ಕಿಂತ ಮಂಕು. ಎರಡೂ ಒಟ್ಟಿಗಾದರೆ ಒಂದು ಏಳುವಾಗ ಇನ್ನೊಂದು ಬೀಳುತ್ತದೆ. ರಾತ್ರಿಯ ಪಾರ್ಕಿಂಗ್ ದೀಪವನ್ನೂ ಹಾಕಿದರೆ ಮೂರೂ ಸುಸ್ತು. ಮುಂದಿನ ಎಡ ಇಂಡಿಕೇಟರ್ ಪ್ರಕಾಶಮಾನ. ಬಲಗಡೆ ಎಲ್ಲವೂ ಸರಿ.

ಹಾಳೆಯನ್ನು ದೂರ ಹಿಡಿದು ನೋಡಿದಾಗ ನನಗೆ ಒಂದು ಹಳೆಯ ವಾರ್ಡ್ ನೆನಪಾಯಿತು. ಅಲ್ಲಿ ಒಂದು ಬೆಳಿಗ್ಗೆ ಒಂದೇ ಸಾಲಿನ ಆರು ಜನರಿಗೂ ಹೊಟ್ಟೆ ಕೆಟ್ಟಿತ್ತು. ಹೊಸ ಡಾಕ್ಟರು ಆರು ಜನರ ಹೊಟ್ಟೆಯನ್ನೂ ಒತ್ತಿ ಒತ್ತಿ ನೋಡುತ್ತಿದ್ದರು. ನಾನು ಆ ಸಾಲಿಗೆ ನೀರು ಬರುವ ಡ್ರಮ್ಮಿನ ಮುಚ್ಚಳ ತೆಗೆದೆ. ಮೂರು ದೀಪಕ್ಕೆ ಮೂರು ಬೇರೆ ಬೇರೆ ಕಾಯಿಲೆ ಒಂದೇ ಬೆಳಿಗ್ಗೆ ಬರುವುದಿಲ್ಲ. ಆ ಮೂಲೆಯಲ್ಲಿ ಮೂರಕ್ಕೂ ಸೇರಿದ್ದು ಏನೋ ಒಂದು ಕೆಟ್ಟಿದೆ. ಏನು ಎಂಬುದು ನನಗೆ ಗೊತ್ತಿರಲಿಲ್ಲ. ಅದು ಎಲೆಕ್ಟ್ರಿಷಿಯನ್‌ಗೆ ಗೊತ್ತಿರಬೇಕು.

ಬುಧವಾರ ಹತ್ತೂಕಾಲಿಗೇ ಹೋದೆ. ಅವನು ಹತ್ತೂಇಪ್ಪತ್ತಕ್ಕೆ ಬಂದ. ಚಾರ್ಟನ್ನು ಕೈಗೆ ಕೊಟ್ಟೆ. ಮೊದಲು ನಕ್ಕ. ನಗುತ್ತಲೇ ಓದಿದ. ಮೂರನೆಯ ಸಾಲಿಗೆ ಬಂದಾಗ ನಗು ನಿಂತಿತು.

"ಇದನ್ನ ನಿನ್ನೆ ಹೇಳ್ಬಾರ್ದಿತ್ತಾ ಆಂಟಿ?"

"ನಿನ್ನೆ ನೀನು ಕೇಳಿದೆಯಾ?"

"ಇದು ಅರ್ತ್. ಫುಲ್ ಗ್ಯಾರಂಟಿ ಅರ್ತ್."

ನನಗೆ ಅರ್ಥವಾಗುವಂತೆ ಅವನೇ ವಿವರಿಸಿದ. ಬ್ಯಾಟರಿಯಿಂದ ಕರೆಂಟು ಒಂದೊಂದು ದೀಪಕ್ಕೆ ಒಂದೊಂದು ವೈರಿನಲ್ಲಿ ಬರುತ್ತದೆ. ಆದರೆ ವಾಪಸ್ ಹೋಗುವುದು ಮಾತ್ರ ಒಂದು ಬದಿಯವೆಲ್ಲ ಸೇರಿ ಒಂದೇ ಕಪ್ಪು ವೈರಿನಲ್ಲಿ, ಅದೇ ಅರ್ತ್. ಆ ವೈರನ್ನು ಡಿಕ್ಕಿಯೊಳಗೆ ಮೂಲೆಯಲ್ಲಿ ಕಾರಿನ ಬಾಡಿಗೇ ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಅಲ್ಲಿ ದಾರಿ ಕಟ್ಟಿದರೆ ಒಂದು ದೀಪದ ಕರೆಂಟು ಇನ್ನೊಂದು ದೀಪದ ಮನೆಗೆ ನುಗ್ಗುತ್ತದೆ. ಅವನು ಎರಡು ತುದಿಗೂ ಕ್ಲಿಪ್ ಇದ್ದ ಒಂದು ವೈರ್ ತಂದು, ಒಂದು ತುದಿಯನ್ನು ದೀಪದ ಕಪ್ಪು ವೈರಿಗೂ ಇನ್ನೊಂದನ್ನು ಡಿಕ್ಕಿಯ ಬೀಗದ ಬರಿ ಕಬ್ಬಿಣಕ್ಕೂ ಕಚ್ಚಿಸಿದ. ಎಡಗಡೆಯ ಇಂಡಿಕೇಟರ್ ಒಮ್ಮೆಲೇ ಹೊಳೆಯಿತು. ಕೆಂಪು ದೀಪ ತನ್ನ ಪಾಡಿಗೆ ಸುಮ್ಮನಾಯಿತು. ಅವನಿಗಿಂತ ಹೆಚ್ಚು ಖುಷಿ ನನಗಾಯಿತು ಎಂದು ತೋರಿಸಿಕೊಳ್ಳದೆ ನಿಂತೆ.

ಡಿಕ್ಕಿಯ ಎಡ ಮೂಲೆಯ ರಟ್ಟು ಸರಿಸಿ, ಬೋಲ್ಟ್ ಬಿಚ್ಚಿ, ವೈರಿನ ತುದಿಯ ಬಳೆಯನ್ನು ಹೊರಗೆ ತೆಗೆದ. ಅದರ ಮೇಲೆ ಬೆಲ್ಲದ ಪಾಕದಂಥ ಕಂದು ಅಂಟು ಗಟ್ಟಿಯಾಗಿ ಕೂತಿತ್ತು. ಕೆಳಗೆ ಕಾರಿನ ತಗಡಿನ ಮೇಲೂ ಅದೇ ಅಂಟು, ಅದರಲ್ಲಿ ತುಕ್ಕು, ಕಾಫಿ ಚೀಲದ ನಾರು, ಧೂಳು. ಬೆರಳಿನಿಂದ ಉಜ್ಜಿ ಮೂಸಿ ನೋಡಿದ. ಆಮೇಲೆ ನನ್ನ ಮೂಗಿನ ಹತ್ತಿರ ತಂದ.

ನಾನು ಮೂಸಬೇಕಾಗಿರಲಿಲ್ಲ. ಅದು ಕೋವಿ ಎಣ್ಣೆ.

ನಮ್ಮಲ್ಲಿ ಗದ್ದೆ ನಾಟಿ ಮುಗಿದ ಮೇಲೆ ಕೈಲ್ ಪೊಳ್ದ್ ಬರುತ್ತದೆ. ಆಯುಧಗಳಿಗೆ ಪೂಜೆ ಮಾಡುವ ಹಬ್ಬ. ಅದರ ಹಿಂದಿನ ದಿನ ತಂದೆಯ ಕಾಲದ ಕೋವಿಯನ್ನು ಬಿಚ್ಚಿ, ಒರೆಸಿ, ಎಣ್ಣೆ ಹಚ್ಚಿ, ಮರುದಿನ ತೋಕ್ ಪೂ ಎಂಬ ಹೂವನ್ನು ಅದರ ತುದಿಗೆ ಸಿಕ್ಕಿಸಿ ದೇವರ ದೀಪದ ಬಳಿ ಇಡುತ್ತೇವೆ. ಎಣ್ಣೆ ಹಚ್ಚುವ ಕೆಲಸ ನಮ್ಮ ಮನೆಯಲ್ಲಿ ನನ್ನದು. ಕೋವಿಗೆ ಹಚ್ಚಿದ ಮೇಲೆ ಬಟ್ಟೆಯಲ್ಲಿ ಎಣ್ಣೆ ಉಳಿದಿರುತ್ತದೆ. ಉಳಿದದ್ದನ್ನು ಎಸೆಯುವುದು ನನ್ನ ಅಭ್ಯಾಸದಲ್ಲಿ ಇಲ್ಲ. ಹಾಗಾಗಿ ಕತ್ತಿ, ಗಿಡ ಕಸಿ ಮಾಡುವ ಕತ್ತರಿ, ಗೇಟಿನ ಕೀಲು, ಹೊಲಿಗೆ ಯಂತ್ರ ಎಲ್ಲಕ್ಕೂ ಒಂದೊಂದು ಕೈ ಎಣ್ಣೆ ಬೀಳುತ್ತದೆ. ಬಹಳ ವರ್ಷದ ಹಿಂದೆ ಒಬ್ಬ ಮೆಕ್ಯಾನಿಕ್, ನಮ್ಮ ಮಳೆಗೆ ಡಿಕ್ಕಿಯ ಈ ಬೋಲ್ಟ್‌ಗಳಿಗೇ ಮೊದಲು ತುಕ್ಕು ಹಿಡಿಯುವುದು ಎಂದಿದ್ದ. ಕಾಯಿಲೆ ಅವನು ಸರಿಯಾಗಿಯೇ ಹೇಳಿದ್ದ. ಔಷಧ ನಾನು ಬರೆದೆ. ಆ ವರ್ಷದಿಂದ ತಪ್ಪದೆ, ಎರಡೂ ಬೋಲ್ಟ್ ಬಿಚ್ಚಿ, ಬಳೆಯ ಎರಡೂ ಬದಿಗೆ ಧಾರಾಳವಾಗಿ ಕೋವಿ ಎಣ್ಣೆ ಹಚ್ಚಿ ಮತ್ತೆ ಬಿಗಿಯುತ್ತಾ ಬಂದಿದ್ದೇನೆ. ಈ ವರ್ಷದ್ದಾಗಿ ಎರಡು ತಿಂಗಳೂ ಆಗಿರಲಿಲ್ಲ. ಪ್ರತಿ ವರ್ಷವೂ ನೋಟ್‌ಬುಕ್ಕಿನಲ್ಲಿ ದಾಖಲೆ ಇದೆ, ನನ್ನದೇ ಅಕ್ಷರದಲ್ಲಿ, ಕೆಳಗೆ ಸಹಿಯೊಂದಿಗೆ.

"ಯಾವ ಮೆಕ್ಯಾನಿಕ್ ಆಂಟಿ ಇದನ್ನ ಮಾಡಿದ್ದು?" ಎಂದು ಕೇಳಿದ ಎಲೆಕ್ಟ್ರಿಷಿಯನ್. "ಕರೆಂಟ್ ದಾಟೋ ಜಾಗಕ್ಕೆ ಎಣ್ಣೆ ಹಾಕ್ತಾರಾ ಯಾರಾದ್ರೂ? ಎಣ್ಣೆ ಹೋಗಿ ಅಂಟಾಗಿದೆ, ಅಂಟಲ್ಲಿ ಧೂಳು ಕೂತಿದೆ. ಇನ್ನು ಆ ಮನುಷ್ಯನ ಹತ್ರ ಗಾಡಿ ಬಿಡ್ಬೇಡಿ."

"ಬಿಡದೆ ಉಪಾಯವಿಲ್ಲ. ನಮ್ಮ ಮನೆಯಲ್ಲೇ ಇರುವವಳು" ಎಂದೆ.

ಅವನು ನನ್ನ ಮುಖ ನೋಡಿದ. ಆಮೇಲೆ ಬಹಳ ಗಮನವಿಟ್ಟು ಉಪ್ಪುಕಾಗದ ಹುಡುಕತೊಡಗಿದ. ಐದು ಭಾಷೆ ಬಲ್ಲವನಿಗೆ ಯಾವುದರಲ್ಲಿ ಸುಮ್ಮನಿರಬೇಕು ಎಂಬುದೂ ಗೊತ್ತಿತ್ತು. ಬಳೆಯನ್ನೂ ತಗಡನ್ನೂ ಹೊಳೆಯುವವರೆಗೆ ಉಜ್ಜಿ, ಬೋಲ್ಟ್ ಬಿಗಿದು, ಬಿಗಿದ ಮೇಲೆ ಹೊರಗಿನಿಂದ ಸ್ವಲ್ಪ ಗ್ರೀಸ್ ಸವರಿದ. "ಹಚ್ಲೇಬೇಕು ಅಂದ್ರೆ ಹೀಗೆ. ಟೈಟ್ ಮಾಡಿದ್ಮೇಲೆ, ಮೇಲಿಂದ" ಎಂದ. ಬಲಗಡೆಯ ಬೋಲ್ಟನ್ನೂ ಬಿಚ್ಚಿಸಿದೆ. ಅಲ್ಲೂ ಅದೇ ಪಾಕ. ಅದು ಕ್ಯೂನಲ್ಲಿ ನಿಂತಿತ್ತು ಅಷ್ಟೇ.

ಸಂಜೆ ಐದಕ್ಕೆ ತಮ್ಮ ಬಂದ. ಬರುತ್ತೇನೆ ಎಂದು ಹೇಳಿದ್ದು ಮೂರಕ್ಕೆ. ಷೆಡ್ಡಿನಲ್ಲಿ ಕೂತು ಎಡ, ಬಲ, ಬ್ರೇಕ್ ಎಲ್ಲವನ್ನೂ ಕನ್ನಡಿಯಲ್ಲಿ ತೋರಿಸಿದೆ. ಅವನ ಮುಖದಲ್ಲಿ ಎಡಗಡೆಯ ದೀಪದ ಸೋಮವಾರದ ಕಳೆ ಬಂತು.

"ಏನಾಗಿತ್ತು?"

"ಅರ್ತ್ ಹೋಗಿತ್ತು."

"ಹ್ಯಾಗೆ ಹೋಯ್ತು?"

"ಹಳೇ ಕಾರು" ಎಂದೆ. ರೋಗಿಗೆ ಎಷ್ಟು ಬೇಕೋ ಅಷ್ಟೇ ಸತ್ಯ ಕೊಡುವುದು ನನ್ನ ವೃತ್ತಿಯಲ್ಲಿ ನಡೆದು ಬಂದದ್ದು. ಅವನಿಗೆ ಅಂಗಳದಲ್ಲೇ ಕಾಫಿ ಕೊಟ್ಟೆ. ನಾಳೆ ಏಳೂಕಾಲಿಗೆ ಹೊರಡುತ್ತೇನೆ, ಜೀಪಿನಲ್ಲಿ ಹಿಂದೆ ಬರುವುದಾದರೆ ಏಳೂಕಾಲಿಗೆ ಗೇಟಿನಲ್ಲಿರು ಎಂದು ಎರಡು ಸಲ ಹೇಳಿದೆ. ಅವನು ಜೀಪ್ ಹತ್ತಿ ಹೊರಟ. ಗೇಟಿನ ಹತ್ತಿರ ಬ್ರೇಕ್ ಒತ್ತಿದ.

ಬಲಗಡೆಯ ಬ್ರೇಕ್ ದೀಪ ಹತ್ತಲೇ ಇಲ್ಲ. ಎಡಗಡೆಯದ್ದು ಬೀಡಿಯ ತುದಿಯಷ್ಟು ಕೆಂಪಾಗಿ, ಒಮ್ಮೆ ನಡುಗಿ, ಆರಿತು.

ಕೈಲ್ ಪೊಳ್ದ್‌ಗೆ ಅವನ ಜೀಪಿನ ಬೋಲ್ಟ್‌ಗಳಿಗೂ ಎಣ್ಣೆ ಹಚ್ಚುವುದು ನಾನೇ. ಅವನು ಬೇಡ ಎನ್ನುತ್ತಿದ್ದ. ಶಿಸ್ತಿಲ್ಲದ ಮನುಷ್ಯ, ಜೀಪಾದರೂ ಸರಿಯಾಗಿರಲಿ ಎಂದು ಒತ್ತಾಯದಿಂದ ಹಚ್ಚುತ್ತಿದ್ದೆ. ಬಟ್ಟೆಯಲ್ಲಿ ಉಳಿದ ಎಣ್ಣೆಯೆಲ್ಲ ಕೊನೆಗೆ ಹೋಗುತ್ತಿದ್ದದ್ದು ಅಲ್ಲಿಗೇ.

ಅಂಗಳದಲ್ಲಿ ಖಾಲಿ ಲೋಟ ಹಿಡಿದು ನಿಂತು ಲೆಕ್ಕ ಹಾಕಿದೆ. ಈಗ ಹೇಳಿದರೆ, ಎಣ್ಣೆ ಹಚ್ಚಿ ತನ್ನ ಕಾರನ್ನು ತಾನೇ ಕೆಡಿಸಿಕೊಂಡವಳು ಎಂಬ ಮಾತು ರಾತ್ರಿ ಊಟದೊಳಗೆ ಊರೆಲ್ಲ ತಲುಪುತ್ತದೆ. ಕಾರು ಪಾಸಾದರೂ ಪ್ರಯೋಜನವಿಲ್ಲ. ಓಡಿಸುವವಳೇ ಫೇಲ್ ಎನ್ನುತ್ತಾನೆ. ನಾಳೆ ಹನ್ನೊಂದರ ನಂತರ ಹೇಳಿದರೆ ಒಪ್ಪಂದ ನನ್ನ ಕೈಯಲ್ಲಿರುತ್ತದೆ. ಆದರೆ ನಾಳೆ ಬೆಳಿಗ್ಗೆ ಮಂಜು ಇರುತ್ತದೆ. ಮಡಿಕೇರಿ ರಸ್ತೆಯ ತಿರುವುಗಳಲ್ಲಿ ಇವನು ಯಾರನ್ನೋ ಕಂಡು ಬ್ರೇಕ್ ಹಾಕುತ್ತಾನೆ, ಮಳೆ ಎಷ್ಟು ಇಂಚು ಎಂದು ಕೇಳಲು. ಹಿಂದಿನಿಂದ ಬರುವ ಲಾರಿಯವನಿಗೆ ಏನೂ ಕಾಣುವುದಿಲ್ಲ. ತಪ್ಪು ಔಷಧ ಕೊಟ್ಟ ರೋಗಿಯನ್ನು ಡಿಸ್ಚಾರ್ಜ್ ಮಾಡಿ, ಮರುದಿನ ಅನುಕೂಲವಾದಾಗ ಹೇಳೋಣ ಎಂದು ಬಿಟ್ಟ ಒಬ್ಬ ನರ್ಸನ್ನು ನಾನು ಒಮ್ಮೆ ನಿಲ್ಲಿಸಿ ಬೈದಿದ್ದೆ. ಆ ಬೈಗುಳ ಬಹಳ ಚೆನ್ನಾಗಿತ್ತು. ಪೂರ್ತಿ ನೆನಪಿದೆ.

ಲೋಟವನ್ನು ಕಟ್ಟೆಯ ಮೇಲಿಟ್ಟು ಗೇಟಿಗೆ ಓಡಿದೆ. ಎಪ್ಪತ್ಮೂರರಲ್ಲಿ ಅದಕ್ಕೆ ಓಟ ಎಂದು ಕರೆಯಬಹುದಾದರೆ.

"ಇಳಿ" ಎಂದೆ. "ನಿನ್ನ ಬ್ರೇಕ್ ದೀಪ ಸತ್ತಿದೆ. ಕೊಂದದ್ದು ನಾನು."

ಎಲ್ಲವನ್ನೂ ಹೇಳಿದೆ. ಕೋವಿ, ಎಣ್ಣೆ, ಬೋಲ್ಟು, ಪಾಕ. ಅವನು ಸ್ಟೀರಿಂಗ್ ಹಿಡಿದುಕೊಂಡು ನಗಲು ಶುರು ಮಾಡಿದ. ಬಹಳ ಹೊತ್ತು ನಕ್ಕ. ನಡುವೆ ಫೋನ್ ತೆಗೆದು ಹೆಂಡತಿಗೆ, "ನಮ್ಮ ಮೇಟ್ರನ್ ಇಷ್ಟು ವರ್ಷ ಗಾಡಿಗೆ ಪೂಜೆ ಮಾಡಿದ್ದು ಅಂದ್ಕೊಂಡಿದ್ವಲ್ಲ, ಅದು ತಿಥಿ ಕಣೇ" ಎಂದ. ಅತ್ತ ಕಡೆಯಿಂದಲೂ ನಗು ಕೇಳಿಸಿತು. ನಾನು ಕೈ ಹಿಂದೆ ಕಟ್ಟಿಕೊಂಡು ಅದು ಮುಗಿಯುವವರೆಗೆ ಗೇಟಿನಲ್ಲಿ ನಿಂತಿದ್ದೆ.

ನಗು ಮುಗಿದ ಮೇಲೆ ಅವನು ಕಣ್ಣು ಒರೆಸಿಕೊಂಡು, "ಜೀಪ್ ಇಲ್ಲೇ ಇರ್ಲಿ. ನಾಳೆ ನಿನ್ನ ಕಾರಲ್ಲೇ ಬರ್ತೀನಿ" ಎಂದ. ಗದ್ದೆಯ ಏರಿಯ ಮೇಲೆ ನಡೆದುಕೊಂಡು ಮನೆಗೆ ಹೋದ.

ಗುರುವಾರ ಏಳೂಕಾಲಿಗೆ ಅವನು ಗೇಟಿನಲ್ಲಿ ಇರಲಿಲ್ಲ. ಏಳು ನಲವತ್ತಕ್ಕೆ ಬಂದ. ಅಂಥದ್ದೇನೋ ಆಗುತ್ತದೆ ಎಂದು ತಿಳಿದೇ ನಾನು ಏಳೂಕಾಲು ಎಂದಿದ್ದೆ. ನನ್ನ ನೋಟ್‌ಬುಕ್ಕಿನಲ್ಲಿ ಹೊರಡುವ ಸಮಯ ಏಳು ನಲವತ್ತೈದೇ ಇತ್ತು. ಗೋಣಿಕೊಪ್ಪ, ವಿರಾಜಪೇಟೆ ದಾಟಿ ಮಡಿಕೇರಿಯವರೆಗೂ ಅವನು ಎಡಗಡೆಯ ಸೀಟಿನಲ್ಲಿ ಕೂತು ಪ್ರತಿ ತಿರುವಿಗೂ ತನ್ನ ಕಾಲಿನ ಕೆಳಗೆ ಇಲ್ಲದ ಬ್ರೇಕ್ ಒತ್ತಿದ. ನಾನು ಪ್ರತಿ ತಿರುವಿಗೂ ಇಂಡಿಕೇಟರ್ ಹಾಕಿದೆ. ತಿರುವೇ ಇಲ್ಲದ ಒಂದೆರಡು ಕಡೆಯೂ ಹಾಕಿರಬಹುದು.

ಇನ್‌ಸ್ಪೆಕ್ಟರ್ ಸಣ್ಣ ವಯಸ್ಸಿನವರು, ಮಾತು ಕಡಿಮೆ. ಕಾರಿನ ಚಾಸಿ ನಂಬರ್ ಉಜ್ಜಿ ನೋಡಿದರು. ಹಾರ್ನ್ ಮಾಡಿಸಿದರು. ಹಿಂದೆ ಹೋಗಿ ನಿಂತು, "ಲೆಫ್ಟ್" ಎಂದರು. ಹಾಕಿದೆ. ಹಸಿರು ಬಾಣ ನಿಧಾನವಾಗಿ, ಆರೋಗ್ಯವಂತರ ನಾಡಿಯಂತೆ ಬಡಿಯಿತು. ನನ್ನದು ಬೇರೆ ಲೆಕ್ಕದಲ್ಲಿತ್ತು. "ರೈಟ್. ಬ್ರೇಕ್. ಎರಡೂ ಒಟ್ಟಿಗೆ" ಎಂದರು. ಒಟ್ಟಿಗೆ ಎಂದಾಗ ಚಾರ್ಟಿನ ಮೂರನೆಯ ಸಾಲನ್ನು ನೆನೆದು ಎರಡನ್ನೂ ಹಾಕಿದೆ. ಅವರು ಏನೋ ಬರೆದುಕೊಂಡು ಮುಂದೆ ಬಂದರು.

"ಇಷ್ಟು ಹಳೇ ಗಾಡಿ, ಚೆನ್ನಾಗಿಟ್ಟಿದ್ದೀರಿ. ಯಾರು ನೋಡ್ಕೊಳ್ತಾರೆ?"

ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ನಿಂತಿದ್ದ ತಮ್ಮ, "ಅಕ್ಕನೇ ಸರ್. ಪ್ರತಿ ವರ್ಷ ತಪ್ಪದೆ ಎಣ್ಣೆ ಹಾಕ್ತಾರೆ" ಎಂದ.

"ಒಳ್ಳೇದು. ಹಾಗೇ ಮಾಡ್ತಾ ಇರಿ ಮೇಡಂ" ಎಂದು ಇನ್‌ಸ್ಪೆಕ್ಟರ್ ಸಹಿ ಹಾಕಿದರು.

ವಾಪಸ್ ಬರುವಾಗ ತಮ್ಮ ವಿರಾಜಪೇಟೆಯವರೆಗೆ ಮಾತಾಡಲಿಲ್ಲ. ಒಪ್ಪಂದದಂತೆ ಬಾಯಿ ಮುಚ್ಚಿಕೊಂಡಿದ್ದಾನೆ ಎಂದುಕೊಂಡೆ. ನಿದ್ದೆ ಹೋಗಿದ್ದ.

ಶುಕ್ರವಾರ ಜೀಪನ್ನು ಗೋಣಿಕೊಪ್ಪಕ್ಕೆ ಕಳಿಸಿದೆವು. ಎಲೆಕ್ಟ್ರಿಷಿಯನ್ ಅದರ ಹಿಂದಿನ ರಟ್ಟು ತೆಗೆದು ನೋಡಿ, ಈ ಸಲ ನಿಜವಾಗಿಯೂ ನಾಲ್ಕು ದಿನ ಬೇಕು ಎಂದ. ನನ್ನ ಎಣ್ಣೆಯ ಜೊತೆಗೆ ಅಲ್ಲಿ ಇಲಿಯೂ ಇತ್ತಂತೆ. ರೈಟರಿಗೆ ಈ ವಿಷಯ ಇನ್ನೂ ಹೇಳಿಲ್ಲ, ಹೇಳುವ ಯೋಚನೆಯೂ ಇಲ್ಲ. ನೋಟ್‌ಬುಕ್ಕಿನಲ್ಲಿ ಕೈಲ್ ಪೊಳ್ದ್‌ನ ಪಟ್ಟಿಯಿಂದ ಎರಡು ಗಾಡಿಗಳನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದೆ. ಗೇಟಿನ ಕೀಲು ಹಾಗೇ ಇದೆ. ಅದಕ್ಕೆ ಎಣ್ಣೆ ಹಚ್ಚಬಹುದು, ಯಾರನ್ನೂ ಕೇಳಬೇಕಾಗಿಲ್ಲ.

ಆ ನಾಲ್ಕು ದಿನ ತಮ್ಮನನ್ನು ಎಲ್ಲಿಗೆ ಬೇಕೋ ಅಲ್ಲಿಗೆ ನಾನೇ ಡ್ರಾಪ್ ಮಾಡುತ್ತೇನೆ ಎಂದು ಹೇಳಿದೆ. ಬ್ಯಾಂಕಿಗೆ, ಪೇಟೆಗೆ, ಮಳೆ ಎಷ್ಟು ಇಂಚು ಎಂದು ಕೇಳಲು. ಒಂದೇ ಷರತ್ತು, ಬೆಳಿಗ್ಗೆ ಎಂಟಕ್ಕೆ ಗೇಟಿನಲ್ಲಿರಬೇಕು. ಈ ಸಲ ಎಂಟು ಎಂದರೆ ಎಂಟೇ. ಶನಿವಾರ ಎಂಟಕ್ಕೆ ಅವನ ಗೇಟಿನ ಮುಂದೆ ಕಾರು ನಿಲ್ಲಿಸಿದೆ. ಎಂಟೂ ಐದರವರೆಗೆ ಎಂಜಿನ್ ಆರಿಸದೆ ಕಾದೆ. ಅವನು ಒಂದು ಕೈಯಲ್ಲಿ ಚಪ್ಪಲಿ, ಒಂದು ಕೈಯಲ್ಲಿ ದೋಸೆಯ ತುಂಡು ಹಿಡಿದು ಮೆಟ್ಟಿಲು ಇಳಿಯುತ್ತಿದ್ದದ್ದು ಕಾಣಿಸಿತು. ಎಂಟೂ ಆರಕ್ಕೆ ಗೇರ್ ಹಾಕಿ ಹೊರಟೆ.

ಪೇಟೆ ತಲುಪುವಷ್ಟರಲ್ಲಿ ಅವನ ಫೋನ್ ಬಂತು. ಕಾರು ನಿಲ್ಲಿಸಿ ಎತ್ತಿದೆ.

"ಅಕ್ಕ, ನೀನು ಎಡಕ್ಕೆ ತಿರುಗುವಾಗ ನೋಡ್ದೆ" ಎಂದ. ಬಾಯಲ್ಲಿ ಇನ್ನೂ ದೋಸೆ ಇತ್ತು. "ಇಂಡಿಕೇಟರ್ ಚೆನ್ನಾಗಿ ಉರೀತಿದೆ."